ಹೊಡೆತ ತಾಗಬೇಕೋ ಬೇಡವೋ: ಆನ್‌ಲೈನ್ ಆಟಗಳ ‘ಫ್ರೆಂಡ್ಲಿ ಫೈರ್’ ಸ್ವಿಚ್ಚು

ಬೇಸಿಗೆ ರಜೆಗೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಮೂರು ಮಕ್ಕಳು ಬಂದಿದ್ದರು. ಶಿವಮೊಗ್ಗದಿಂದ ಅಕ್ಕನ ಇಬ್ಬರು ಗಂಡುಮಕ್ಕಳು, ಸಾಗರದಿಂದ ತಂಗಿಯ ಮಗಳು. ಮಧ್ಯಾಹ್ನ ಊಟವಾದ ಮೇಲೆ ಮೂವರೂ ಜಗುಲಿಯಲ್ಲಿ ಸಾಲಾಗಿ ಕೂತು, ಮೂರು ಮೊಬೈಲಿನಿಂದ ಮೈನ್‌ಕ್ರಾಫ್ಟ್ ಎಂಬ, ಕಲ್ಲು ಮರ ಪೇರಿಸಿ ಕಟ್ಟುವ ಆಟದ ಒಂದೇ ಲೋಕದೊಳಗೆ ಹೋಗುತ್ತಿದ್ದರು. ತಂಗಿಯ ಮಗಳಿಗೆ ಹತ್ತು ವರ್ಷ. ಎಂಟು ದಿನ ಪಟ್ಟುಹಿಡಿದು ಅದರೊಳಗೊಂದು ತೊಟ್ಟಿ ಮನೆ ಕಟ್ಟಿದ್ದಳು. ಹಿತ್ತಿಲಿಗೆ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ, ತುದಿಗೆ ಎಲೆ ಸಿಕ್ಕಿಸಿ, ಅಡಿಕೆ ತೋಟವನ್ನೂ ಎಬ್ಬಿಸಿದ್ದಳು.

ಒಂಬತ್ತನೇ ದಿನ ದೊಡ್ಡ ಹುಡುಗ ತಮಾಷೆಗೆಂದು ಹಿಂದಿನಿಂದ ಬಂದು ಕತ್ತಿ ಬೀಸಿದ. ಮೂರು ಏಟಿಗೆ ಆಟದೊಳಗಿನ ಅವಳ ಗೊಂಬೆ ಬಿದ್ದುಹೋಯಿತು. ಅದರ ಹತ್ತಿರ ಇದ್ದ ವಜ್ರದ ಗುದ್ದಲಿ, ಕೂಡಿಟ್ಟಿದ್ದ ಸಾಮಾನು ಎಲ್ಲ ನೆಲಕ್ಕೆ ಚೆಲ್ಲಿತು. ಆ ಆಟದಲ್ಲಿ ನೆಲಕ್ಕೆ ಬಿದ್ದ ಸಾಮಾನು 5 ನಿಮಿಷದಲ್ಲಿ ಮಾಯವಾಗುತ್ತದೆ. ಅವಳ ಅಳು ನಿಲ್ಲಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

“ಎಂತಾ ಆತು? ಯಾರು ಹೊಡೆದ್ರು?” ಎಂದು ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. “ಅಣ್ಣ ಹೊಡ್ದ ಅಜ್ಜೀ” ಎಂದಿದ್ದೇ ತಡ, ಮೊಮ್ಮಗಳ ತೋಳು, ಬೆನ್ನು ತಿರುಗಿಸಿ ಬಾಸುಂಡೆ ಹುಡುಕತೊಡಗಿದಳು. ದೊಡ್ಡವನು ನನ್ನ ಕಡೆ ತಿರುಗಿ, “ಮಾವ, ಹೊಡೆದ್ರೆ ತಾಗ್ತದೆ ಅಂತ ಆಟದಲ್ಲೇ ಇದೆಯಲ್ಲ, ಅದಕ್ಕೇ ಹೊಡ್ದೆ” ಎಂದ.

ಅವನು ಹೇಳಿದ್ದು ಸುಳ್ಳಲ್ಲ. ಆ ಲೋಕದ ಸೆಟ್ಟಿಂಗ್ಸ್ ಒಳಗೆ ‘ಫ್ರೆಂಡ್ಲಿ ಫೈರ್’ ಎಂಬ ಸ್ವಿಚ್ಚು ಆನ್ ಆಗಿತ್ತು. ಯಾರೂ ಅದನ್ನು ಬೇಕೆಂದು ಹಾಕಿರಲಿಲ್ಲ. ಲೋಕ ಹುಟ್ಟುವಾಗಲೇ ಅದು ಆನ್ ಆಗಿರುತ್ತದೆ, ಅಷ್ಟೆ. ರಾತ್ರಿಯೊಳಗೆ ಅಕ್ಕನೂ ತಂಗಿಯೂ ಫೋನಿನಲ್ಲಿ ಮಾತಿಗೆ ಮಾತು ಬೆಳೆಸಿದ್ದರು. ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನಗೆ ಫೋನು ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ಅದೆಂತ ಸ್ವಿಚ್ಚು? ಇಬ್ಬರಿಗೂ ಹೇಳಿದ್ದನ್ನೇ ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳ ಜೊತೆ ಇರುವ, ಆದರೆ ಅವರ ಆಟ ಆಡದ ದೊಡ್ಡವರಿಗಾಗಿ.

ಮೂರು ಮಾತು ಗೊತ್ತಿದ್ದರೆ ಸಾಕು

ಹಲವರು ಒಟ್ಟಿಗೆ ಆಡುವ ಆನ್‌ಲೈನ್ ಆಟಗಳಲ್ಲಿ ಎದುರಾಳಿ ಯಾರು ಎಂಬುದರ ಮೇಲೆ ಎರಡು ಬಗೆ. ಆಟಗಾರರೆಲ್ಲ ಒಂದು ಕಡೆ, ಕಂಪ್ಯೂಟರ್ ನಡೆಸುವ ರಾಕ್ಷಸರೋ ಜೊಂಬಿಗಳೋ ಇನ್ನೊಂದು ಕಡೆ ಇದ್ದರೆ ಅದನ್ನು ಪಿವಿಇ ಎನ್ನುತ್ತಾರೆ. ಒಬ್ಬ ಆಟಗಾರ ಇನ್ನೊಬ್ಬ ಆಟಗಾರನ ಮೇಲೇ ಬೀಳಬಹುದಾದರೆ ಅದು ಪಿವಿಪಿ. ಎದುರಿಗಿರುವುದು ಎಲ್ಲೋ ಕೂತ ನಿಜವಾದ ಮನುಷ್ಯ ಎನ್ನುವುದೇ ಪಿವಿಪಿಯ ರುಚಿ. ಅದರ ತಂಟೆಗೂ ಅದೇ ಕಾರಣ.

ಮೂರನೆಯದು ಫ್ರೆಂಡ್ಲಿ ಫೈರ್. ಸೈನ್ಯದಿಂದ ಬಂದ ಮಾತಿದು. ಯುದ್ಧದಲ್ಲಿ ತಮ್ಮ ಕಡೆಯವರ ಗುಂಡೇ ತಮ್ಮವರಿಗೆ ತಗಲುವ ದುರಂತಕ್ಕೆ ಹಾಗೆನ್ನುತ್ತಾರೆ. ಆಟದಲ್ಲಿ ಅದರ ಅರ್ಥ, ನಿಮ್ಮ ತಂಡದವನಿಗೇ ನಿಮ್ಮ ಏಟು ತಾಗುತ್ತದೆ ಎಂದು.

ಲಗೋರಿ ನೆನಪಿಸಿಕೊಳ್ಳಿ. ಚೆಂಡು ಎದುರು ತಂಡದವನ ಮೈಗೆ ಬಿದ್ದರೆ ಅವನು ಔಟ್. ನಮ್ಮವನ ಬೆನ್ನಿಗೇ ಬಿದ್ದರೆ ಅವನ ಬೆನ್ನು ಚುರುಗುಟ್ಟುತ್ತದೆಯೇ ಹೊರತು ಆಟದ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಲಗೋರಿಯಲ್ಲಿ ಪಿವಿಪಿ ಇದೆ, ಫ್ರೆಂಡ್ಲಿ ಫೈರ್ ಇಲ್ಲ. ಮೈನ್‌ಕ್ರಾಫ್ಟಿನ ಮೊಬೈಲ್ ಆವೃತ್ತಿ ಇವೆರಡನ್ನೂ ಒಂದೇ ಹೆಸರಿನಡಿ ತಂದುಬಿಟ್ಟಿದೆ. ಫ್ರೆಂಡ್ಲಿ ಫೈರ್ ಎಂದು ಬರೆದಿದ್ದರೂ ಆ ಸ್ವಿಚ್ಚು ಹಿಡಿದಿಡುವುದು ಯಾವ ಆಟಗಾರನ ಏಟು ಯಾವ ಆಟಗಾರನಿಗೇ ಆಗಲಿ ತಾಗುವುದನ್ನು. ತಂಡ ಕಟ್ಟಿಕೊಂಡಿರಬೇಕೆಂದಿಲ್ಲ.

ಏಟು ಬಿತ್ತು ಎಂದು ಹೇಳುವವರು ಯಾರು?

ಹುಡುಗ ಪರದೆ ಒತ್ತಿದ ತಕ್ಷಣ ಏಟು ಬಿದ್ದಂತಲ್ಲ. ಒತ್ತಿದ ಸುದ್ದಿ ಮೊದಲು ಸರ್ವರ್ ಎಂಬ ಪಂಚಾಯ್ತಿದಾರನ ಹತ್ತಿರ ಹೋಗುತ್ತದೆ. ದೊಡ್ಡ ಆಟಗಳಲ್ಲಿ ಈ ಸರ್ವರ್ ದೂರದ ಯಾವುದೋ ನಗರದ ಕಟ್ಟಡದಲ್ಲಿರುವ ಕಂಪ್ಯೂಟರ್. ನಮ್ಮ ಜಗುಲಿಯಲ್ಲಿ ದೊಡ್ಡ ಹುಡುಗನ ಮೊಬೈಲೇ ಸರ್ವರ್, ಏಕೆಂದರೆ ಲೋಕ ಅವನ ಮೊಬೈಲಿನಲ್ಲಿ ಹುಟ್ಟಿದ್ದು.

ಸರ್ವರ್ ತನ್ನೊಳಗೇ ಕೆಲವು ಪ್ರಶ್ನೆ ಕೇಳಿಕೊಳ್ಳುತ್ತದೆ. ಬೀಸಿದ ಕತ್ತಿ ನಿಜಕ್ಕೂ ಆ ಗೊಂಬೆಗೆ ಎಟಕಿತೇ? ಎದುರಿಗಿರುವುದು ಕಂಪ್ಯೂಟರಿನ ಪ್ರಾಣಿಯೋ, ಮನುಷ್ಯನ ಗೊಂಬೆಯೋ? ಮನುಷ್ಯನದಾದರೆ ಒಂದೇ ತಂಡವೇ? ಈ ಲೋಕದಲ್ಲಿ ಅಂಥ ಏಟಿಗೆ ಅನುಮತಿ ಇದೆಯೇ? ಕೊನೆಗೆ ಏಟಿನ ಬಲವನ್ನು ಒಂದು ಸಂಖ್ಯೆಯಿಂದ ಗುಣಿಸುತ್ತದೆ. ಅನುಮತಿ ಇದ್ದರೆ 1, ಇಲ್ಲದಿದ್ದರೆ ಸೊನ್ನೆ. ಮೈನ್‌ಕ್ರಾಫ್ಟಿನಲ್ಲಿ ಒಬ್ಬೊಬ್ಬರಿಗೆ 10 ಹೃದಯ, ಅಂದರೆ 20 ಅಂಕದ ಜೀವ. ಮೈಮೇಲೆ ಕವಚವಿಲ್ಲದಿದ್ದರೆ ವಜ್ರದ ಕತ್ತಿಯ ಮೂರು ಏಟಿಗೆ ಆ 20 ಮುಗಿಯುತ್ತದೆ. ಸ್ವಿಚ್ಚು ಆಫ್ ಇದ್ದರೆ ಮುನ್ನೂರು ಏಟು ಹಾಕಿದರೂ ಒಂದು ಹೃದಯ ಕದಲುವುದಿಲ್ಲ. ಕತ್ತಿ ಬೀಸುವುದು ಆಗಲೂ ಕಾಣುತ್ತದೆ. ಯಕ್ಷಗಾನದ ಯುದ್ಧದಲ್ಲಿ ಕಾಣುವ ಹಾಗೆ.

ಗುಣಿಸುವ ಸಂಖ್ಯೆ ಸೊನ್ನೆ ಅಥವಾ ಒಂದೇ ಆಗಿರಬೇಕೆಂದಿಲ್ಲ. ಕೆಲವು ಆಟಗಳು ನಡುವಿನ ದಾರಿ ಹಿಡಿದು, ತಮ್ಮವರಿಗೆ ತಗಲಿದ ಏಟಿನ ಒಂದಂಶವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. 2008ರ ಲೆಫ್ಟ್ 4 ಡೆಡ್ ಆಟದಲ್ಲಿ ನಾಲ್ವರು ಸೇರಿ ಜೊಂಬಿಗಳ ನಡುವಿನಿಂದ ಪಾರಾಗಬೇಕು. ಅಲ್ಲಿ ಸುಲಭದ ಹಂತದಲ್ಲಿ ಗೆಳೆಯನ ಗುಂಡು ತಾಗುವುದೇ ಇಲ್ಲ. ಹಂತ ಕಠಿಣವಾದಂತೆ ಅದೇ ಗುಂಡು ಹೆಚ್ಚು ಹೆಚ್ಚು ನೋಯಿಸುತ್ತದೆ.

ಇಲ್ಲಿ ಮಲೆನಾಡಿನವರು ಇನ್ನೊಂದು ಸಂಗತಿ ತಿಳಿದಿರಬೇಕು. ಸುದ್ದಿ ಮೊಬೈಲಿನಿಂದ ಸರ್ವರಿಗೆ ಹೋಗಿ ಬರಲು ಹಿಡಿಯುವ ಹೊತ್ತಿಗೆ ಪಿಂಗ್ ಎನ್ನುತ್ತಾರೆ, ಅದನ್ನು ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. ಮಳೆ ಹಿಡಿದು ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಇಳಿದ ಸಂಜೆ ನಮ್ಮಲ್ಲಿ ಅದು ಎಲ್ಲಿಗೋ ಏರುತ್ತದೆ. ಪಿಂಗ್ ಹೆಚ್ಚಿದ್ದರೆ ನಿಮ್ಮ ಪರದೆ ಮೇಲೆ ಕಾಣುವ ಗೆಳೆಯ ಈಗ ಇರುವ ಗೆಳೆಯನಲ್ಲ, ಒಂದು ಗಳಿಗೆ ಹಿಂದೆ ಇದ್ದವನು. ಗುಂಡಿನ ಕಾಳಗದ ಹಲವು ಆಟಗಳಲ್ಲಿ ಸರ್ವರ್ ಗಡಿಯಾರವನ್ನು ಅಷ್ಟು ಹಿಂದಕ್ಕೆ ತಿರುಗಿಸಿ, ಗುಂಡು ಹಾರಿಸಿದವನ ಕಣ್ಣಿಗೆ ಆಗ ಏನು ಕಂಡಿತ್ತೋ ಅದರ ಮೇಲೆ ತೀರ್ಪು ಕೊಡುತ್ತದೆ. ಹಾರಿಸಿದವನಿಗೆ ಇದು ನ್ಯಾಯ. ಏಟು ತಿಂದವನಿಗೆ ಮಾತ್ರ ‘ನಾನಾಗಲೇ ಗೋಡೆ ಮರೆಗೆ ಸರಿದಿದ್ದೆ, ಆದರೂ ಹೊಡೆದ’ ಎನಿಸುತ್ತದೆ. ಫ್ರೆಂಡ್ಲಿ ಫೈರ್ ಆನ್ ಇರುವ ಆಟದಲ್ಲಿ ಗೆಳೆಯರ ನಡುವೆ ಏಳುವ ಎಷ್ಟೋ ಜಗಳಕ್ಕೆ ನೆಟ್‌ವರ್ಕ್ ಕಾರಣವಾಗಿರುತ್ತದೆ, ಗೆಳೆಯನಲ್ಲ.

ಕೊನೆಗಾರನ ಕೆಳಗೆ ನಿಂತ ಹಾಗೆ

ಇಷ್ಟೆಲ್ಲ ರಗಳೆ ಇದ್ದರೆ ಫ್ರೆಂಡ್ಲಿ ಫೈರನ್ನು ತೆಗೆದೇ ಬಿಡಬಹುದಲ್ಲ ಎಂದು ತಂಗಿ ಕೇಳಿದಳು. ಅಡಿಕೆ ಕೊಯ್ಲಿನ ದಿನ ನೆನಪು ಮಾಡಿಕೋ ಎಂದೆ. ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವನು, ತುದಿಯಲ್ಲಿ ಕತ್ತಿ ಹಾಕುವ ಮೊದಲು ಕೆಳಗೆ ಕೂಗು ಹಾಕುತ್ತಾನೆ. ಕೆಳಗಿರುವವನು ಕತ್ತೆತ್ತಿ ನೋಡುತ್ತಾನೆ, ಹೆಜ್ಜೆ ಸರಿಸುತ್ತಾನೆ, ಅಲ್ಲಿ ಓಡಾಡುವ ಮಕ್ಕಳನ್ನು ಗದರಿಸಿ ಆಚೆ ಕಳಿಸುತ್ತಾನೆ. ಮೇಲಿಂದ ಕಳಚಿದ ಕೊನೆ ಕೆಳಗಿರುವವನು ನಮ್ಮವನೋ ಅಲ್ಲವೋ ಎಂದು ನೋಡುವುದಿಲ್ಲ. ಹಾಗೆ ನೋಡುವುದಿಲ್ಲ ಎಂಬುದಕ್ಕೇ ಆ ಕೆಲಸದಲ್ಲಿ ಅಷ್ಟು ಎಚ್ಚರ, ಅಷ್ಟು ಹೊಂದಾಣಿಕೆ.

ಆಟದಲ್ಲೂ ಹಾಗೆಯೇ. ತಮ್ಮವರಿಗೆ ಏಟು ತಾಗುವುದಿಲ್ಲ ಎಂದಾದರೆ ಗೆಳೆಯ ನಿಂತಿದ್ದಾನೋ ಇಲ್ಲವೋ ನೋಡದೆ ಬಾಂಬು ಎಸೆಯಬಹುದು, ಅವನ ಮೈಯನ್ನು ಹಾದು ಗುಂಡಿನ ಮಳೆ ಸುರಿಸಬಹುದು. ತಾಗುತ್ತದೆ ಎಂದಾದರೆ ಎಲ್ಲಿ ನಿಲ್ಲಬೇಕು, ಯಾವಾಗ ಕೂಗಬೇಕು, ಯಾವಾಗ ಕೈ ತಡೆಯಬೇಕು ಎಂಬುದೆಲ್ಲ ಆಟದ ಭಾಗವಾಗುತ್ತದೆ. ಅದಕ್ಕೇ ಕೌಂಟರ್-ಸ್ಟ್ರೈಕ್ ಎಂಬ ಗುಂಡಿನ ಕಾಳಗದ ಆಟದಲ್ಲಿ ಸ್ಪರ್ಧೆಯ ಪಂದ್ಯಗಳಲ್ಲಿ ಫ್ರೆಂಡ್ಲಿ ಫೈರ್ ಇರುತ್ತದೆ, ಹೊತ್ತು ಕಳೆಯಲು ಆಡುವ ಪಂದ್ಯಗಳಲ್ಲಿ ಇರುವುದಿಲ್ಲ. 2024ರಲ್ಲಿ ಬಂದ ಹೆಲ್‌ಡೈವರ್ಸ್ 2 ಇನ್ನೂ ಮುಂದೆ ಹೋಗಿ ಅದಕ್ಕೆ ಸ್ವಿಚ್ಚನ್ನೇ ಇಟ್ಟಿಲ್ಲ. ನಾಲ್ವರು ಗೆಳೆಯರು ಕೀಟಗಳ ಸೈನ್ಯವನ್ನು ಎದುರಿಸುವ ಆ ಆಟದಲ್ಲಿ ಒಬ್ಬ ಆಕಾಶದಿಂದ ಬಾಂಬು ಕರೆಸಿದರೆ ಉಳಿದ ಮೂವರು ಓಡಲೇಬೇಕು.

ಆದರೆ ಕೊನೆಗಾರ ಬೇಕೆಂದೇ ತಲೆ ಮೇಲೆ ಕೊನೆ ಬಿಟ್ಟರೆ? ಮುಖ ಕಾಣದ ಅಪರಿಚಿತರು ಒಂದೇ ತಂಡದಲ್ಲಿ ಸೇರುವ ಆನ್‌ಲೈನ್ ಆಟದಲ್ಲಿ ಅಂಥವರು ಸಿಗುತ್ತಾರೆ. ತಮ್ಮ ತಂಡದವರನ್ನೇ ಕೊಂದು ಮಜಾ ತೆಗೆದುಕೊಳ್ಳುವುದಕ್ಕೆ ಟೀಮ್ ಕಿಲ್ಲಿಂಗ್ ಎಂದು ಹೆಸರು. ಮೊದಲ ಮದ್ದು ಅಂಥವನನ್ನು ಪಂದ್ಯದಿಂದ ಹೊರಹಾಕುವುದು. ಅದರಲ್ಲೊಂದು ತೊಡಕು: ಕೈತಪ್ಪಿ ಹೊಡೆದವನಿಗೂ ಬೇಕೆಂದೇ ಹೊಡೆದವನಿಗೂ ಒಂದೇ ಶಿಕ್ಷೆ. ಆಗ ಹೊಳೆದ ಉಪಾಯವೇ ಏಟನ್ನು ಹೊಡೆದವನಿಗೇ ತಿರುಗಿಸುವುದು. ಕಾಲ್ ಆಫ್ ಡ್ಯೂಟಿ ಎಂಬ ಆಟದಲ್ಲಿ ಪಂದ್ಯ ಕಟ್ಟುವವರು ಫ್ರೆಂಡ್ಲಿ ಫೈರಿಗೆ ಆನ್, ಆಫ್ ಅಲ್ಲದೆ ಹೀಗೆ ತಿರುಗಿಸುವ ಆಯ್ಕೆಯನ್ನೂ ಹಾಕಿಕೊಳ್ಳಬಹುದು. ರೇನ್‌ಬೋ ಸಿಕ್ಸ್ ಸೀಜ್ ಎಂಬ ಆಟ 2019ರಲ್ಲಿ ಇದನ್ನು ತಂದ ರೀತಿ ನನಗೆ ಬಹಳ ಹಿಡಿಸಿತು. ಆಗ ಅಲ್ಲಿ ಮೊದಲಿಗೆ ಎಲ್ಲರ ಏಟೂ ಎಂದಿನಂತೆ ತಾಗುತ್ತಿತ್ತು. ಒಬ್ಬ ತನ್ನವನನ್ನು ಕೊಂದ ಮೇಲೆ ಮಾತ್ರ, ಮುಂದೆ ಅವನು ತನ್ನವರ ಮೇಲೆ ಹಾರಿಸಿದ ಗುಂಡು ಅವನ ಜೀವವನ್ನೇ ತಿನ್ನುತ್ತಿತ್ತು. ಎಚ್ಚರದ ಆಟವೂ ಉಳಿಯಿತು, ಕಿಡಿಗೇಡಿಯ ಕೈಯೂ ಕಟ್ಟಿತು.

ಒಂದು ಲೋಕ ಎರಡಾದದ್ದು

ತಂಡವೇ ಇಲ್ಲದ, ಸಾವಿರಾರು ಜನ ಓಡಾಡುವ ದೊಡ್ಡ ಲೋಕಗಳಲ್ಲಿ ಪ್ರಶ್ನೆ ಇನ್ನೂ ಗಟ್ಟಿ. ಅಲ್ಟಿಮಾ ಆನ್‌ಲೈನ್ ಎಂಬ ಆಟ 1997ರಲ್ಲಿ ಶುರುವಾದಾಗ ಊರಿನ ಕಾವಲಿನಾಚೆ ಯಾರು ಯಾರನ್ನಾದರೂ ಕೊಂದು ಮೈಮೇಲಿನದನ್ನು ದೋಚಬಹುದಿತ್ತು. ಗಣಿಯಲ್ಲಿ ಅದಿರು ಅಗೆದು, ಕುಲುಮೆಯಲ್ಲಿ ಕೆಲಸ ಮಾಡಿ ನೆಮ್ಮದಿಯಿಂದಿರಲು ಬಂದವರೂ ಅಲ್ಲಿದ್ದರು. ಅವರನ್ನು ಹೊಂಚು ಹಾಕುವವರೂ ಇದ್ದರು. ಕೊಂದವರ ಹೆಸರನ್ನು ಕೆಂಪು ಬಣ್ಣದಲ್ಲಿ ತೋರಿಸಿದ್ದಾಯಿತು, ಶಿಕ್ಷೆ ಹಾಕಿದ್ದಾಯಿತು, ದಾರಿ ಕಾಯುವವರು ಕಡಿಮೆಯಾಗಲಿಲ್ಲ.

2000ದಲ್ಲಿ ಆಟ ಕಟ್ಟಿದವರು ಲೋಕವನ್ನೇ ಎರಡು ಮಾಡಿದರು. ನಕಾಶೆ ಒಂದೇ, ಊರುಗಳೂ ಅವೇ. ಟ್ರಾಮೆಲ್ ಎಂಬ ಲೋಕದಲ್ಲಿ ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಹೊಡೆಯುವಂತಿಲ್ಲ. ಫೆಲುಕ್ಕಾ ಎಂಬ ಲೋಕದಲ್ಲಿ ಹಳೆಯ ಕಾಯಿದೆ. ಫೆಲುಕ್ಕಾದ ಮರಗಳ ಎಲೆ ಉದುರಿಸಿ, ಅಲ್ಲಲ್ಲಿ ಗೋರಿಕಲ್ಲು ನೆಟ್ಟು, ಕಾಲಿಟ್ಟ ಕೂಡಲೇ ಎಲ್ಲಿದ್ದೇವೆಂದು ಗೊತ್ತಾಗುವಂತೆ ಮಾಡಿದರು. ಬಹುಪಾಲು ಆಟಗಾರರು ಟ್ರಾಮೆಲ್‌ಗೆ ಗುಳೆ ಎದ್ದರು. ಭಯವೇ ಹೋದ ಮೇಲೆ ಸಾಹಸಕ್ಕೆ ಏನರ್ಥ ಎಂದು ಕೊರಗಿದವರೂ ಇದ್ದರು.

ಆ ಕೊರಗನ್ನು ತಳ್ಳಿಹಾಕುವ ಹಾಗಿಲ್ಲ. ಹಲವರು ಕೂಡಿ ಆಡುವ ಲೋಕಗಳಲ್ಲಿ ತೀರಾ ಹಳೆಯದೊಂದನ್ನು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿ, ರಿಚರ್ಡ್ ಬಾರ್ಟಲ್ ಜೊತೆಗೂಡಿ ಬೆಳೆಸಿದರು. ಅದೇ ಬಾರ್ಟಲ್ 1996ರ ಲೇಖನವೊಂದರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ನೋಡಿದರು: ಗುರಿ ಮುಟ್ಟಿ ಮೇಲೇರಲು ಬಂದವರು, ಲೋಕದ ಮೂಲೆ ಮೂಲೆ ಹುಡುಕಲು ಬಂದವರು, ಹರಟಲು ಗೆಳೆತನ ಮಾಡಲು ಬಂದವರು, ಇನ್ನೊಬ್ಬರ ಮೇಲೆ ಕೈ ಮಾಡಲು ಬಂದವರು. ನಮ್ಮ ಜಗುಲಿಯಲ್ಲೂ ಹಾಗೇ ಆಗಿತ್ತು. ಹುಡುಗಿ ಬಂದದ್ದು ತೋಟ ಮಾಡಲು, ದೊಡ್ಡವನು ಬಂದದ್ದು ಕತ್ತಿ ಬೀಸಲು. ಇಬ್ಬರೂ ಬಂದದ್ದು ಒಂದೇ ಲೋಕಕ್ಕೆ, ಬರುವ ಮೊದಲು ಮಾತಾಡಿಕೊಂಡಿರಲಿಲ್ಲ.

ಹೋಳಿ ದಿನದ ಹಳೇ ಅಂಗಿ

ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ಹೋಳಿ ನೋಡಿದವರಿಗೆ ಒಪ್ಪಿಗೆಯ ಪಿವಿಪಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೇ ಅಂಗಿ ತೊಟ್ಟು ಬೀದಿಗಿಳಿದವನಿಗೆ ಯಾರು ಬೇಕಾದರೂ ಬಣ್ಣ ಹಾಕಬಹುದು, ಅವನೂ ಯಾರಿಗೆ ಬೇಕಾದರೂ ಹಾಕಬಹುದು. ಇಸ್ತ್ರಿ ಅಂಗಿ ತೊಟ್ಟು ಆಫೀಸಿಗೆ ಹೊರಟವನಿಗೆ ಹಾಕಬಾರದು. ಹಾಗೆಯೇ, ತಾನು ಮಾತ್ರ ಮಹಡಿ ಮೇಲೆ ನಿಂತು ಕೆಳಗಿನವರಿಗೆ ಎರಚುತ್ತೇನೆ ಅನ್ನುವುದೂ ಸಲ್ಲ.

ಈ ಕೊನೆಯ ಮಾತೇ ಮುಖ್ಯ. ಟೆರೇರಿಯಾ ಎಂಬ ಆಟದಲ್ಲಿ ಪ್ರತಿಯೊಬ್ಬರಿಗೂ ಕತ್ತಿಯ ಗುರುತಿನ ಒಂದು ಗುಂಡಿ ಇರುತ್ತದೆ. ಇಬ್ಬರೂ ಅದನ್ನು ಒತ್ತಿದ್ದರೆ ಮಾತ್ರ ಏಟು ತಾಗುತ್ತದೆ. ಜಿಟಿಎ ಆನ್‌ಲೈನ್ ಎಂಬ ಆಟದಲ್ಲಿ ಪ್ಯಾಸಿವ್ ಮೋಡ್ ಹಾಕಿಕೊಂಡವನ ಮೇಲೆ ಯಾರೂ ಗುಂಡು ಹಾರಿಸಲಾಗುವುದಿಲ್ಲ, ಅವನೂ ಹಾರಿಸಲಾಗುವುದಿಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟ 2004ರಲ್ಲಿ ಬಂದಾಗ ಕಾಳಗ ಇರುವ ಸರ್ವರ್, ಇಲ್ಲದ ಸರ್ವರ್ ಎಂದು ಬೇರೆ ಬೇರೆ ಇಟ್ಟಿತ್ತು. ತಪ್ಪಿದ ಕಡೆ ಸೇರಿದರೆ ಗೆಳೆಯರಿಂದಲೇ ದೂರವಾಗಬೇಕಿತ್ತು. 2018ರಲ್ಲಿ ಅದು ವಾರ್ ಮೋಡ್ ಎಂಬ ಸ್ವಿಚ್ಚು ತಂದಿತು. ಆಗ ಅದನ್ನು ಹಾಕಬೇಕಾದರೆ ತನ್ನ ಪಕ್ಷದ ರಾಜಧಾನಿಗೇ ಹೋಗಬೇಕಿತ್ತು, ಹಾಕಿಕೊಂಡವರಿಗೆ ಹಾಕಿಕೊಂಡವರೇ ಎದುರಾಗುತ್ತಾರೆ. ಅಪಾಯ ಒಪ್ಪಿಕೊಂಡದ್ದಕ್ಕೆ ಅನುಭವದ ಅಂಕ ಸ್ವಲ್ಪ ಜಾಸ್ತಿ. ರಾಜಧಾನಿಗೇ ಹೋಗಬೇಕೆಂಬ ಕಟ್ಟಳೆ ಸುಮ್ಮನೆ ಇಟ್ಟದ್ದಲ್ಲ. ಅದಿಲ್ಲದಿದ್ದರೆ ಹೊಡೆಯುವವರೆಗೂ ಆನ್ ಇಟ್ಟು, ಪೆಟ್ಟು ತಿನ್ನುವ ಹೊತ್ತಿಗೆ ಆಫ್ ಮಾಡಿಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ.

ಇನ್ನೊಂದು ದಾರಿ ಜಾಗ ಗೊತ್ತುಮಾಡುವುದು. ಶಿಕಾರಿಪುರ, ಸೊರಬದ ಕಡೆ ಹೋರಿ ಹಬ್ಬದಲ್ಲಿ ಅಖಾಡದ ಒಳಗಿಳಿದವನು ತನ್ನ ಮೈಗೆ ತಾನೇ ಹೊಣೆ, ಬೇಲಿಯಾಚೆ ನಿಂತವನು ನೋಡುಗ. ರೂನ್‌ಸ್ಕೇಪ್ ಆಟದ ವೈಲ್ಡರ್‌ನೆಸ್ ಎಂಬ ಕಾಡು ಮೊದಲು ಅಂಥದ್ದಾಗಿತ್ತು, ಅದರ ಗಡಿ ದಾಟಿದವನ ಮೇಲೆ ಬೇರೆ ಆಟಗಾರರು ಬೀಳಬಹುದಿತ್ತು. ಆಟದ ಸಾಮಾನನ್ನು ನಿಜವಾದ ದುಡ್ಡಿಗೆ ಮಾರುವವರನ್ನು ತಡೆಯಲು 2007ರ ಕೊನೆಗೆ ಅಲ್ಲಿನ ಮುಕ್ತ ಕಾಳಗವನ್ನು ಕಂಪನಿ ತೆಗೆದುಹಾಕಿತು. ಆಟಗಾರರು ಬಿಡಲಿಲ್ಲ. ಮತ ಹಾಕಿಸಿದಾಗ ಹತ್ತರಲ್ಲಿ ಒಂಬತ್ತು ಮಂದಿ ಅದು ಬೇಕೆಂದರು, 2011ರ ಫೆಬ್ರವರಿಯಲ್ಲಿ ಕಾಡು ಮೊದಲಿನಂತಾಯಿತು. ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟದಲ್ಲಿ ಸುರಕ್ಷಿತ ವಲಯದಲ್ಲೂ ಹೊಡೆಯಬಹುದು, ಆದರೆ ಹೊಡೆದವನ ಹಡಗನ್ನು ಆಟದ ಪೊಲೀಸರು ನಾಶಮಾಡುತ್ತಾರೆ. ಪೊಲೀಸರು ಬರುವುದು ಮಾತ್ರ ಏಟು ಬಿದ್ದ ಮೇಲೆ. ತನ್ನ ಹಡಗು ಹೋದರೂ ಸರಿ, ಎದುರಿನವನ ಸರಕು ಸಿಕ್ಕರೆ ಲಾಭ ಎಂದು ಲೆಕ್ಕ ಹಾಕಿ ಹೊಡೆಯುವವರು ಅಲ್ಲಿದ್ದಾರೆ.

ಸ್ವಿಚ್ಚಿಗೆ ಸಿಗದ ಏಟುಗಳು

ಆಫ್ ಮಾಡಿದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಆ ಸ್ವಿಚ್ಚು ನೋಡುವುದು ನೇರ ಏಟನ್ನು ಮಾತ್ರ. ಮೈನ್‌ಕ್ರಾಫ್ಟಿನಲ್ಲಿ ಅದು ಆಫ್ ಇದ್ದರೂ ಒಬ್ಬರ ಕಾಲಡಿ ಗುಂಡಿ ತೋಡಬಹುದು, ತಲೆ ಮೇಲೆ ಲಾವಾ ಸುರಿಯಬಹುದು, ಕಟ್ಟಿದ ಮನೆಯನ್ನು ಒಂದೊಂದೇ ಕಲ್ಲು ಕಿತ್ತು ಕೆಡವಬಹುದು. ಬೇರೆ ಆಟಗಳಲ್ಲಿ ರಾಕ್ಷಸರ ಹಿಂಡನ್ನು ಕೆಣಕಿ ತನ್ನ ಬೆನ್ನಟ್ಟುವಂತೆ ಮಾಡಿ, ಇನ್ನೊಬ್ಬನಿದ್ದಲ್ಲಿಗೆ ತಂದು ಬಿಟ್ಟು ತಾನು ಜಾರಿಕೊಳ್ಳುವವರಿದ್ದಾರೆ. ಹೀಗೆ ಬೇಕೆಂದೇ ಇನ್ನೊಬ್ಬರ ಆಟ ಕೆಡಿಸುವುದಕ್ಕೆ ಗ್ರೀಫಿಂಗ್ ಎನ್ನುತ್ತಾರೆ.

ಹಾಗಾಗಿ ಮಕ್ಕಳ ಲೋಕಕ್ಕೆ ಇನ್ನೂ ಮೂರು ಕಡೆ ಕಣ್ಣು ಹಾಯಿಸುವುದು ಒಳ್ಳೆಯದು. ಟಿಎನ್‌ಟಿ ಎಂಬ ಸಿಡಿಮದ್ದು ಸಿಡಿಯಬೇಕೋ ಬೇಡವೋ ಎಂಬ ಸ್ವಿಚ್ಚು ಬೇರೆಯೇ ಇದೆ. ಕೀಪ್ ಇನ್ವೆಂಟರಿ ಎಂಬುದನ್ನು ಆನ್ ಮಾಡಿದರೆ ಗೊಂಬೆ ಸತ್ತರೂ ಸಾಮಾನು ಅದರ ಹತ್ತಿರವೇ ಉಳಿಯುತ್ತದೆ. ಅದೊಂದು ಆನ್ ಇದ್ದಿದ್ದರೆ ನಮ್ಮ ಹುಡುಗಿಯ ಗುದ್ದಲಿ ಉಳಿಯುತ್ತಿತ್ತು. ಮೂರನೆಯದು ಅನುಮತಿ: ಹೊಸದಾಗಿ ಬಂದವರನ್ನು ವಿಸಿಟರ್ ಎಂದು ಇಟ್ಟರೆ ಅವರು ಓಡಾಡಬಹುದು, ಒಂದು ಕಲ್ಲನ್ನೂ ಕೀಳಲಾರರು. ಇವೆಲ್ಲ ಲೋಕ ಯಾರ ಮೊಬೈಲಿನಲ್ಲಿ ಹುಟ್ಟಿದೆಯೋ ಅವರ ಕೈಯಲ್ಲಿರುತ್ತವೆ, ಆಟದ ನಡುವೆಯೂ ಬದಲಿಸಬಹುದು.

ನಮ್ಮ ಜಗುಲಿಯಲ್ಲಿ

ಮರುದಿನ ಬೆಳಗ್ಗೆ ಮೂವರನ್ನೂ ಕೂರಿಸಿಕೊಂಡು ಆ ಸೆಟ್ಟಿಂಗ್ಸ್ ತೆರೆಸಿದೆ. ಫ್ರೆಂಡ್ಲಿ ಫೈರ್ ಎಂಬುದನ್ನು ದೊಡ್ಡವನೇ ಓದಿ ಹೇಳಿದ, ಅವನೇ ಆಫ್ ಮಾಡಿದ. “ಇಷ್ಟು ದಿನ ಇದು ಇಲ್ಲೇ ಇತ್ತಾ?” ಎಂದು ತಂಗಿಯ ಮಗಳು ಕಣ್ಣರಳಿಸಿದಳು. ಆಮೇಲೆ ಎರಡು ದಿನ ಹುಡುಗರಿಬ್ಬರೂ ನೆಲದೊಳಗೆ ವಜ್ರ ಹುಡುಕಿದರು. ಹೊಸ ಗುದ್ದಲಿ ತಂದು ಅವಳ ತೊಟ್ಟಿಮನೆಯ ಪೆಟ್ಟಿಗೆಯಲ್ಲಿಟ್ಟರು.

ಮೂರನೇ ದಿನ ಅವಳೇ ತೋಟದಾಚೆ ಬಿಳಿ ಉಣ್ಣೆಯ ಗೆರೆ ಎಳೆದು ಒಂದು ಕಣ ಮಾಡಿದಳು. ಅದರ ಬಾಯಿಗೆ ಮೂರು ಪೆಟ್ಟಿಗೆ ಇಟ್ಟಳು, ಒಬ್ಬೊಬ್ಬರಿಗೆ ಒಂದು. ಎಂತಕ್ಕೆ ಎಂದು ಕೇಳಿದೆ. “ಸಾಮಾನೆಲ್ಲ ಇದ್ರಲ್ಲಿಟ್ಟು ಒಳಗೆ ಹೋಗೋದು ಮಾವ. ಮೂರೂ ಜನ ಹ್ಞೂಂ ಅಂದ್ರೆ ಅಣ್ಣ ಆನ್ ಮಾಡ್ತಾನೆ.”

ಸಂಜೆ ಕಾಫಿ ಕುಡಿಯುತ್ತಾ ಕೂತಿದ್ದೆ. ಜಗುಲಿಯ ಆ ತುದಿಯಿಂದ ದೊಡ್ಡವನ ದನಿ ಕೇಳಿತು: “ಹಾಕ್ಲಾ?”

“ತಡೀ ಅಣ್ಣ, ತಡೀ” ಎಂದಳು. ಗುದ್ದಲಿ ಇನ್ನೂ ಅವಳ ಕೈಯಲ್ಲೇ ಇತ್ತು.